ಕೈಗೆಟುಕದ ಸ್ವಿಚ್ಚು

ಗೆಳೆಯರೇ, ಚಾಕು ಮಾಡಲು ನಾನೇ ಜೋಡಿಸಿದ ಬೆಲ್ಟ್ ಗ್ರೈಂಡರನ್ನು ಇವತ್ತು ಸಾಲಿಗ್ರಾಮದ ನಮ್ಮ ಹಿತ್ತಿಲಲ್ಲಿ ಮೊದಲ ಸಲ ಓಡಿಸಿದೆ. ಮೋಟಾರು ಹಳೆಯ ರುಬ್ಬುವ ಯಂತ್ರದ್ದು, ಗಾಲಿಗಳು ಮರದವು; ಅವುಗಳ ಮೇಲೆ ಕಬ್ಬಿಣ ಉಜ್ಜುವ ಉಪ್ಪುಕಾಗದದ ಬೆಲ್ಟ್ ಸುತ್ತುತ್ತದೆ. ಬೆಲ್ಟನ್ನು ಬಿಗಿಯಾಗಿಡುವ ಸಲಾಕೆಗೆ ಸ್ಪ್ರಿಂಗ್ ಕೊಳ್ಳದೆ, ಅದನ್ನು ಕೈಯಲ್ಲೇ ಒತ್ತಿ ಹಿಡಿದಿದ್ದೆ.

ಓಡುತ್ತ ಓಡುತ್ತ ಬೆಲ್ಟ್ ಗಾಲಿಯ ಅಂಚಿಗೆ ಜಾರತೊಡಗಿತು. ಕೈಬಿಟ್ಟರೆ ಹಾರಿಬಂದು ಮುಖಕ್ಕೇ ಬಡಿಯುತ್ತದೆ. ಸ್ವಿಚ್ಚು ಆಚೆ ಗೋಡೆಯಲ್ಲಿತ್ತು. ಅಡುಗೆಮನೆಯಲ್ಲಿದ್ದ ಹೆಂಡತಿ ಸುಮಿತ್ರಳನ್ನು ಕೂಗಿದೆ. ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಬೆಲ್ಟ್ ಅರ್ಧ ಹೊರಬಂದಿತ್ತು. ಆಗ ಕರೆಂಟು ಹೋಯಿತು.

ಗಾಲಿಗಳು ನಿಂತ ಮೇಲೆ ಸಲಾಕೆ ಬಿಟ್ಟು ಅಲ್ಲೇ ಕುಳಿತೆ. ಸುಮಿತ್ರ ಹೊರಬಂದು, "ಯಾಕ್ರೀ ಇಂಗೆ ಬೆವ್ತಿದ್ದೀರಿ?" ಎಂದಳು.

ನಡೆದದ್ದನ್ನು ಹೇಳಿ, "ಕರೆಂಟ್ ಓಯ್ತು, ಬದುಕ್ಕಂಡೆ ಕಣೆ" ಎಂದೆ.

"ಸ್ವಿಚ್ ಆಫ್ ಮಾಡಿದ್ದೀರಾ? ಈಗ ಬಂದ್ಬುಟ್ರೆ?"

ಗೋಡೆಯತ್ತ ನುಗ್ಗಿ ಸ್ವಿಚ್ಚು ಆರಿಸಿದೆ. ಕೈ ತೆಗೆಯುವಷ್ಟರಲ್ಲಿ ಅಡುಗೆಮನೆಯ ಬಲ್ಬು ಹೊತ್ತಿಕೊಂಡಿತು.

ಸುಮಿತ್ರ ಬಲ್ಬನ್ನೊಮ್ಮೆ, ಗ್ರೈಂಡರನ್ನೊಮ್ಮೆ ನೋಡಿ, "ಈಳಿಗೆಮಣೇಲಿ ತರಕಾರಿ ಚೆನ್ನಾಗೇ ಎಚ್ಕತಿದ್ದೆ ಕಣ್ರೀ. ನಾನೇನ್ ಚಾಕು ಬೇಕು ಅಂತ ಕೇಳಿದ್ನಾ?" ಎಂದಳು.

ಕೇಳಿರಲಿಲ್ಲ, ನಿಜ. ಕರೆಂಟು ಹೋಯಿತೆಂದು ಈ ಗುಂಪಿನಲ್ಲಿ ಬೈದು ಬರೆಯುವವರು ಸ್ವಲ್ಪ ದಿನ ನನ್ನೆದುರು ಮಾತ್ರ ಬೈಯಬೇಡಿ.