ಬೆಲ್ಲಕ್ಕೆ ಮುಂಚಿನ ಕೆಮ್ಮು

ಅಪ್ಪನ ಕೆಮ್ಮಿಗೆ ನಮ್ಮ ಮನೆಯಲ್ಲಿ ಯಾರೂ ಕಾರಣ ಕೇಳುತ್ತಿರಲಿಲ್ಲ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಮಾರಿಕುಪ್ಪಂ ರೈಲು ಹಿಡಿದು ಹೋಗಿ ಚಿನ್ನದ ಗಣಿಯಲ್ಲಿ ಬಂಡೆ ಕೊರೆದವನು. ಗಣಿ ಮುಚ್ಚಿದರೂ ಧೂಳು ಎದೆಯಲ್ಲೇ ಉಳಿದಿದೆ ಎಂದುಕೊಂಡಿದ್ದೆವು. ಆದರೆ ಈ ವರ್ಷ ಅವನು ಸೊರಗತೊಡಗಿದ. ಸಂಜೆಯಾದರೆ ಮೈ ಬಿಸಿ. ತಂಗಿ ಬಾಣಂತನಕ್ಕೆ ಬಂದಿದ್ದಳು. ಅವಳ ಕೂಸು ಮಲಗುತ್ತಿದ್ದುದು ಅಪ್ಪನ ಎದೆಯ ಮೇಲೆ.

"ಟಿಬಿ ಆಗಿದ್ರೆ?" ಎಂದೆ.

"ಗಣಿ ಕೆಮ್ಮು ಕಣ್ಲಾ ಇದು. ನೀನು ಓದಿದ್ ಯೂನಿವರ್ಸಿಟೀಲಿ ಧೂಳು ಕುಡಿಸಿದ್ರಾ?"

ಆದರೂ ಬಿಡದೆ ಕರೆದೊಯ್ದೆ. ರಾಬರ್ಟ್‌ಸನ್‌ಪೇಟೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಎದೆ ತುಂಬ ಹಳೆಯ ಧೂಳಿನ ಚುಕ್ಕೆಗಳು. ಅವುಗಳ ನಡುವೆ ಹೊಸದೇನಾದರೂ ಇದ್ದರೆ ಇದರಿಂದ ಹೇಳಲಾಗದು, ಬೆಳಗ್ಗೆ ಎದ್ದ ಕೂಡಲೇ ಆಳದಿಂದ ಕೆಮ್ಮಿ ತೆಗೆದ ಕಫ ಬೇಕು ಎಂದು ಡಬ್ಬಿ ಕೊಟ್ಟರು. ಮರುದಿನ ಅಪ್ಪನೇ ಹೋಗಿ ಕೊಟ್ಟು ಬಂದ. ಏನೂ ಕಾಣಲಿಲ್ಲ ಎಂದು ವರದಿ ಬಂತು. ಅಪ್ಪ ಗೆದ್ದವನಂತೆ ಮೊಮ್ಮಗಳನ್ನು ಎತ್ತಿಕೊಂಡ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. 'ಇದೆ' ಎಂಬುದನ್ನು ಅನುಮಾನಿಸುವವನು 'ಇಲ್ಲ' ಎಂಬುದನ್ನೂ ಅನುಮಾನಿಸಬೇಕಲ್ಲ. ಕಫ ಕೊಟ್ಟ ಬೆಳಗ್ಗೆ ಅಪ್ಪ ಜಗಲಿಯಲ್ಲಿ ಬೆಲ್ಲ ಅಗಿಯುತ್ತಿದ್ದಂತೆ ನೆನಪು. ಗಂಟಲ ಧೂಳು ಇಳಿಯಲೆಂದು ಗಣಿಯವರು ಬೆಲ್ಲ ತಿನ್ನುವುದು ರೂಢಿ. ಆದರೆ ನಾನು ಕಂಡದ್ದು ಅಂದಿನ ಬೆಳಗೋ, ಬಾಲ್ಯದ ಯಾವುದೋ ಬೆಳಗೋ? ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಕೇಳಿಯೇಬಿಟ್ಟೆ.

"ಬೆಲ್ಲ ತಿಂದು, ಬಾಯಿ ಮುಕ್ಕಳಿಸ್ಕೊಂಡು, ಆಮೇಲೆ ಉಗುದೆ. ಡಾಕ್ಟ್ರ ಕೈಗೆ ಗಲೀಜು ಕೊಡಕಾಯ್ತದೇನ್ಲಾ?"

"ಅವ್ರಿಗೆ ಆ ಗಲೀಜೇ ಬೇಕಾಗಿತ್ತಪ್ಪ! ನೀನು ಕೊಟ್ಟಿದ್ದು ಬರೀ ಎಂಜ್ಲು."

ತಂಗಿ ಒಳಗಿನಿಂದ ಬಂದು ಕೂಸನ್ನು ಅವನ ಕೈಯಿಂದ ತೆಗೆದುಕೊಂಡಳು. ಅಪ್ಪನ ಮುಖ ಸಣ್ಣದಾಯಿತು.

ಡಾಕ್ಟರ ಹತ್ತಿರ ಇನ್ನೊಂದು ಡಬ್ಬಿ ತಂದೆ. ಮರುದಿನ ಬೆಲ್ಲವನ್ನು ನಾನು ಬಚ್ಚಿಟ್ಟಿದ್ದೆ. ಹುಡುಕಲಿಲ್ಲ ಅವನು. ಹಿತ್ತಲಲ್ಲಿ ಬಗ್ಗಿ, ಪಕ್ಕೆ ಹಿಡಿದುಕೊಂಡು ಕೆಮ್ಮಿದ. ಡಬ್ಬಿಯ ಮುಚ್ಚಳ ಬಿಗಿದು, ತನ್ನ ಚಾಪೆಯನ್ನು ತಾನೇ ಜಗಲಿಗೆ ಎಳೆದುಕೊಂಡ.

ಈ ಸಲ ಕ್ಷಯ ಸಿಕ್ಕಿತು. ಧೂಳು ಹೋಗುವುದಿಲ್ಲ, ಇದು ಮಾತ್ರೆಗೆ ಬಗ್ಗುತ್ತದೆ ಎಂದರು ಡಾಕ್ಟರು. ನಾನು ಉಸಿರು ಬಿಟ್ಟೆ. ಅಪ್ಪ ಡಾಕ್ಟರ ಮಾತನ್ನು ಕೇಳಿಸಿಕೊಂಡನೋ ಇಲ್ಲವೋ.

"ಮಗೀಗೆ?" ಎಂದ.

ಮಗುವನ್ನೂ ಪರೀಕ್ಷೆ ಮಾಡಬೇಕು, ನಾಳೆಯೇ ಕರೆತನ್ನಿ ಎಂದರು.

ವಾಪಸ್ ಬರುವ ರೈಲಿನಲ್ಲಿ ಅಪ್ಪ ಬಾಯಿಗೆ ಟವೆಲು ಕಟ್ಟಿಕೊಂಡು, ನನ್ನಿಂದ ದೂರ, ಕಿಟಕಿಯ ಪಕ್ಕ ಕುಳಿತ. ಊರು ಹತ್ತಿರವಾದಾಗ ಟವೆಲಿನೊಳಗಿಂದಲೇ ಹೇಳಿದ:

"ತಂಗೀಗೆ ಫೋನ್ ಮಾಡು ಕಣ್ಲಾ. ಮಗೀನ್ ಬಾಯಿಗೇನೂ ಆಕೋಕ್ ಮುಂಚೇನೇ ಕರ್ಕೊಂಡೋಗ್ಬೇಕಾ ಅಂತ ಮೊದ್ಲು ಡಾಕ್ಟ್ರನ್ನ ಕೇಳ್ಕೊಂಡು ತಿಳ್ಸು ಅವ್ಳಿಗೆ."