ಬಾಣಂತಿಗೆ ಅಳೆದುಕೊಟ್ಟ ನೀರು

ಹೋದ ವಾರ ತಿರುವನಂತಪುರದ ನಮ್ಮ ಬಡಾವಣೆಯಲ್ಲೇ ಇರುವ ಒಬ್ಬ ಕನ್ನಡದ ಹುಡುಗಿಯ ಮಗುವನ್ನು ನೋಡಲು ಹೋಗಿದ್ದೆ. ಹುಡುಗಿಗೆ ಐಟಿ ಪಾರ್ಕಿನಲ್ಲಿ ಕೆಲಸ, ಇದು ಮೊದಲ ಹೆರಿಗೆ. ಹಾಸನದಿಂದ ಅವಳ ತಾಯಿ ಬಂದು ಬಾಣಂತನ ಮಾಡುತ್ತಿದ್ದಾರೆ. ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಸಾಂಬ್ರಾಣಿ ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಫ್ಯಾನಿನ ಸುತ್ತ ನಿಂತಿತ್ತು. ಫ್ಯಾನು ಹಾಕಿರಲಿಲ್ಲ. ಹುಡುಗಿ ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಕಾಲುಚೀಲ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಕೂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಕಾಫಿ ಕುಡಿಯುವ ಸಣ್ಣ ಲೋಟ. ಅದರಲ್ಲಿ ಅರ್ಧ ಲೋಟ ನೀರು, ಮೇಲೊಂದು ಮುಚ್ಚಳ.

"ಮಗೂಗೆ ಹಾಲು ಸಾಲ್ತಾ ಇಲ್ಲ ಕಣ್ರೀ," ಅಂದರು ಅವಳ ತಾಯಿ.

ನನ್ನ ಮೈ ಉರಿದುಹೋಯಿತು. ಆ ಹೆಂಗಸಿನ ಮೇಲಲ್ಲ, ಆ ಲೋಟದ ಮೇಲೆ. ಆ ಲೋಟ ನನಗೆ ಹಳೆಯ ಪರಿಚಯ.

ನನ್ನ ಮಗಳು ಹುಟ್ಟಿದಾಗ ನಾವು ಕೊಚ್ಚಿಯಲ್ಲಿದ್ದೆವು. ಇವರಿಗೆ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ ಕೆಲಸ. ಎಲ್ಲಿಗೆ ವರ್ಗ ಮಾಡಿದರೆ ಅಲ್ಲಿಗೆ ನಮ್ಮ ಪಾತ್ರೆಪಗಡ. ಆಗ ಕೊಚ್ಚಿಗೆ ಅಂಟಿಕೊಂಡ ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಮನೆ ಮಾಡಿದ್ದೆವು. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋದರು, ನನ್ನನ್ನು ಸಾಕಿದ್ದು ದೊಡ್ಡಮ್ಮ. ಹಾಗಾಗಿ ಬಾಣಂತನಕ್ಕೆ ನಂಜನಗೂಡಿನಿಂದ ಅವರೇ ಬಂದರು. ಒಂದು ಬ್ಯಾಗಿನಲ್ಲಿ ಅವರ ಸೀರೆ. ಮಿಕ್ಕ ಬ್ಯಾಗುಗಳಲ್ಲಿ ಅಂಟಿನುಂಡೆ, ಮೆಣಸು, ಬೆಳ್ಳುಳ್ಳಿ, ಬಜೆ, ಹಳೇ ಪಂಚೆಗಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸಬ್ಬಸಿಗೆ ಸೊಪ್ಪು. ಸಬ್ಬಸಿಗೆ ತಿಂದರೆ ಬಾಣಂತಿಗೆ ಹಾಲು ಬರುತ್ತೆ ಅಂತ ನಮ್ಮ ಕಡೆ ನಂಬಿಕೆ, ಕೊಚ್ಚಿಯಲ್ಲಿ ಆ ಸೊಪ್ಪಿನ ಹೆಸರು ಹೇಳಿದರೆ ತರಕಾರಿಯವನು ಮುಖ ನೋಡುತ್ತಾನೆ. ಕೊನೆಯಲ್ಲಿ, ರೇಷ್ಮೆ ಬಟ್ಟೆಯೊಳಗಿಂದ, ಬೆಳ್ಳಿಯ ಒಳಲೆ ತೆಗೆದರು. ನನಗೆ ಹಾಲು ಕುಡಿಸಿದ್ದ ಒಳಲೆ. ನನಗೆ ಅಳು ಬಂತು. ಆಗ ಬಂದದ್ದು ಸಿಟ್ಟಿನ ಅಳು ಅಲ್ಲ, ಅದನ್ನೂ ಹೇಳಿಬಿಡಬೇಕು.

ಬಾಣಂತಿಗೆ ನೀರು ಕೊಡಬಾರದು ಅನ್ನುವುದು ದೊಡ್ಡಮ್ಮನ ಶಾಸ್ತ್ರ. ನೀರು ಕುಡಿದರೆ ಹೊಟ್ಟೆ ಇಳಿಯಲ್ಲ, ಮಗುವಿಗೆ ಶೀತ, ತಾಯಿಗೆ ನಂಜು. ಮೆಣಸಿನ ಸಾರಿನಲ್ಲಿ ಕಲಸಿದ ಗಟ್ಟಿ ಅನ್ನ, ಹುರಿದ ಬೆಳ್ಳುಳ್ಳಿ, ತುಪ್ಪ, ಊಟವಾದ ಮೇಲೆ ಎಲೆ ಅಡಿಕೆ, ಆಮೇಲೆ ಆ ಸಣ್ಣ ಲೋಟದಲ್ಲಿ ಕುದಿಸಿ ಆರಿಸಿದ ನೀರು. ಅದೂ ಗುಟುಕು ಗುಟುಕಾಗಿ. ನಾನು ಲೋಟ ಎತ್ತಿದರೆ ಅವರ ಕಣ್ಣು ನನ್ನ ಗಂಟಲ ಮೇಲೆ.

ನಂಜನಗೂಡಿನ ಮಾರ್ಗಶಿರದ ಚಳಿಯಲ್ಲಿ ಆ ಶಾಸ್ತ್ರ ಹೇಗೋ ನಡೆಯುತ್ತಿತ್ತೇನೋ. ನನಗೆ ಹೆರಿಗೆಯಾದದ್ದು ಕೊಚ್ಚಿಯಲ್ಲಿ, ಏಪ್ರಿಲ್ಲಿನ ವಿಷು ಹಬ್ಬದ ಆಸುಪಾಸು. ಸುಮ್ಮನೆ ಕೂತರೂ ಸೆರಗು ಹಿಂಡಬಹುದು. ಒಗೆದ ಬಟ್ಟೆ ಒಣಗುವುದಿಲ್ಲ, ಉಟ್ಟ ಬಟ್ಟೆ ಒದ್ದೆಯಾಗುತ್ತೆ. ಅಂಥ ಸೆಕೆಯಲ್ಲಿ ಬಿಸಿಬಿಸಿ ನೀರು ಹುಯ್ಯಿಸಿಕೊಂಡು, ಹೊಗೆ ಹಾಕಿಸಿಕೊಂಡು, ಹೊಟ್ಟೆಗೆ ಪಂಚೆ ಬಿಗಿಸಿಕೊಂಡು, ಮುಚ್ಚಿದ ಕೋಣೆಯಲ್ಲಿ ನಾನು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಸ್ನಾನ ಮಾಡುವಾಗ ತಂಬಿಗೆಯ ಬಿಸಿನೀರನ್ನೇ ಬಾಯಿಗೆ ಹಾಕಿಕೊಂಡು ನುಂಗಿದ್ದೇನೆ. ಸ್ವಂತ ಮನೆಯಲ್ಲಿ, ಕದ್ದು.

ದಿನಾ ಕಣ್ಣು ಮುಚ್ಚುವ ಮುಂಚೆ ಆವತ್ತು ದೇವರು ತೋರಿಸಿದ ಸಣ್ಣಪುಟ್ಟ ದಯೆಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ. ಆ ದಿನಗಳಲ್ಲೂ ಎಣಿಸುತ್ತಿದ್ದೆ. ಬಾಗಿಲ ಸಂದಿಯಿಂದ ಬಂದ ಗಾಳಿ ಒಂದು. ಸಂಜೆ ದೇವಸ್ಥಾನದ ಚೆಂಡೆಯ ಸದ್ದು ಒಂದು, ಯಾಕೆಂದರೆ ದೇವರ ಕೋಣೆಗೆ ನನಗೆ ಪ್ರವೇಶವಿರಲಿಲ್ಲ. ಮಗಳ ಉಗುರು ಒಂದು. ಎಣಿಸುತ್ತಾ ಎಣಿಸುತ್ತಾ ಸಿಟ್ಟು ಬರುತ್ತಿತ್ತು. ನಂಜನ್ನೇ ಕುಡಿದು ದಕ್ಕಿಸಿಕೊಂಡವನ ಊರಿನಿಂದ ಬಂದವರು, ಒಂದು ಚೊಂಬು ನೀರಿಗೆ ಇಷ್ಟು ಹೆದರುವುದೇ?

ಕೆಳಗಿನ ಮನೆಯ ಮಲಯಾಳಿ ಅಕ್ಕ, ನಾವು ಕರೆಯುತ್ತಿದ್ದದ್ದು ಚೇಚಿ ಅಂತ, ಒಂದು ದಿನ ಮಗು ನೋಡಲು ಬಂದರು. ಕೈಯಲ್ಲಿ ದೊಡ್ಡ ಜಗ್ಗು. ಕೇರಳದಲ್ಲಿ ಎಲ್ಲರ ಮನೆಯಲ್ಲೂ ಕುಡಿಯುವ ನೀರಿಗೆ ಒಂದು ಮರದ ಚಕ್ಕೆ ಹಾಕಿ ಕುದಿಸುತ್ತಾರೆ, ನೀರು ದಾಸವಾಳದ ಬಣ್ಣಕ್ಕೆ ತಿರುಗುತ್ತೆ. ನನ್ನ ತುಟಿ ನೋಡಿದ್ದೇ ಅವರು, "ಮೋಳೇ, ವೆಳ್ಳಂ ಕುಡಿಕ್ಕಂಡೇ?" ಅಂದರು. ಮಗಳೇ, ನೀರು ಕುಡಿಯಬೇಡವೇ ಅಂತ.

ದೊಡ್ಡಮ್ಮ ಜಗ್ಗಿನೊಳಗೆ ಇಣುಕಿ ಹಿಂದೆ ಸರಿದರು. "ಅಯ್ಯೋ ಶಿವನೇ, ಕೆಂಪುನೀರು! ಹಸಿ ಬಾಣಂತಿಗೆ ಇದಾ? ತಗೊಂಡು ಹೋಗಕ್ಕೆ ಹೇಳೇ."

"ಏನಂತಾರೆ ಅಮ್ಮ?" ಚೇಚಿ ಕೇಳಿದರು.

"ಆಮೇಲೆ ಕುಡೀಲಿ ಅಂತಾರೆ," ಅಂದೆ ನಾನು. ಜಗ್ಗು ಅಡುಗೆಮನೆಗೆ ಹೋಯಿತು. ಸಿಂಕಿನಲ್ಲಿ ಸುರಿದ ಸದ್ದು ನನಗೆ ಕೇಳಿಸಿತು.

ಮಗು ಅಳುತ್ತಿತ್ತು. ಮಕ್ಕಳು ಸೆಕೆಗೂ ಅಳುತ್ತವೆ, ಸುಮ್ಮನೆಯೂ ಅಳುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಅದು ಅತ್ತಾಗಲೆಲ್ಲ ಒಂದೇ ಅರ್ಥ. "ನಿನಗೆ ಹಾಲು ಸಾಲ್ದು ಕಣೇ. ಪಾಪ ಕೂಸು, ಒಣಗಿಹೋಗ್ತಿದೆ." ಮೈಸೂರಿನಿಂದ ಫೋನ್ ಮಾಡಿದ ನಾದಿನಿಗೂ ಅದೇ ವರದಿ. ಇವರ ಸಹೋದ್ಯೋಗಿಯ ಹೆಂಡತಿಗೂ ಅದೇ. ನನ್ನ ಎದೆಯ ವಿಷಯ ಊರಿಗೆಲ್ಲ ಹವಾಮಾನ ವರದಿಯಂತೆ ಪ್ರಸಾರವಾಗುತ್ತಿತ್ತು. ನಾನು ಕುಡಿಸಲು ಕೂತರೆ ದೊಡ್ಡಮ್ಮ ಎದುರಿಗೆ ಬಂದು ಕೂತು ಮಗುವಿನ ಗಂಟಲು ನೋಡುತ್ತಿದ್ದರು. "ನುಂಗ್ತಾ ಇಲ್ಲ ನೋಡು, ಬರೀ ಚೀಪ್ತಿದೆ."

"ಅಳಿಯಂದ್ರೇ, ಒಂದು ಹಾಲಿನ ಪುಡಿ ಡಬ್ಬ ತಂದ್ಬಿಡಿ," ಅಂದರು. ಇವರು ತಂದರು, ಜೊತೆಗೊಂದು ಬಾಟಲಿ. ನನ್ನನ್ನು ಕೇಳಲಿಲ್ಲ. ಕೇಳಿಸಿಕೊಂಡು ತಂದುಬಿಡುವುದು ಇವರ ಸ್ವಭಾವ. ಜನ ಇವರನ್ನು ಸಮಾಧಾನದ ಮನುಷ್ಯ ಅಂತ ಹೊಗಳುತ್ತಾರೆ. ಆ ಸಮಾಧಾನಕ್ಕೆ ಬೆಂಕಿ ಬೀಳ.

ಬಾಟಲಿಯಿಂದ ಹಾಲು ತಾನಾಗಿ ಬರುತ್ತೆ, ಕಷ್ಟಪಡಬೇಕಿಲ್ಲ. ಮಗಳು ಬೇಗ ಕಲಿತಳು. ಆಮೇಲೆ ನಾನು ಎದೆಗೆ ಹಾಕಿಕೊಂಡರೆ ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಖ ತಿರುಗಿಸಿ, ಕಿರುಚುತ್ತಿದ್ದಳು. ಹೊತ್ತು ಹೆತ್ತ ಮಗು ನನ್ನನ್ನು ಕಂಡರೆ ಹಾಗೆ ತಿರುಗುವುದನ್ನು ನೋಡಿದವರಿಗೆ ಬೇರೆ ನರಕದ ವರ್ಣನೆ ಬೇಡ. ನನಗೆ ಬೇಕಿದ್ದದ್ದು ಒಂದೇ, ಅವಳು ವಾಪಸ್ ಬರಬೇಕು. "ನೋಡ್ದ್ಯಾ, ಹಾಲಿದ್ರೆ ಹಿಂಗೆ ಮಾಡ್ತಿತ್ತಾ?" ಅಂದರು ದೊಡ್ಡಮ್ಮ. ಪುಡಿ ಹಾಲನ್ನು ನಾನೇನೂ ವಿಷ ಅನ್ನುವುದಿಲ್ಲ. ಬೇಕಾದವರಿಗೆ ಅದೇ ಸಂಜೀವಿನಿ. ನಮಗೆ ಬೇಕಾಗಿರಲಿಲ್ಲ, ಅಷ್ಟೇ.

ಆಮೇಲೆ ನನಗೆ ಉರಿಮೂತ್ರ, ಚಳಿಜ್ವರ. ಎದ್ದು ನಿಂತರೆ ಗೋಡೆ ತಿರುಗುತ್ತಿತ್ತು. ಆಸ್ಪತ್ರೆಗೆ ನಾಲ್ವರೂ ಹೋದೆವು. ಡಾಕ್ಟರಮ್ಮ ನನ್ನನ್ನು ನೋಡಿ, ಮಗುವನ್ನು ತೂಗಿ, "ದಿನಕ್ಕೆ ಎಷ್ಟು ನೀರು ಕುಡೀತೀರಿ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ಲೋಟ ಎಷ್ಟಿತ್ತು ಅಂತ ಕೈಯಲ್ಲಿ ತೋರಿಸಿದೆ.

ಬಯ್ಗುಳ ಶುರುವಾಯಿತು. ಯಾರಿಗೆ? ನನಗೆ. ಓದಿದವರಲ್ಲವೇ ನೀವು? ಈ ಸೆಕೆಯಲ್ಲಿ ನೀರು ಬಿಟ್ಟರೆ ಏನಾಗುತ್ತೆ ಗೊತ್ತಿಲ್ಲವೇ? ಮಗುವಿನ ತೂಕ ಚೆನ್ನಾಗಿದೆ, ಹಾಲಿಲ್ಲ ಅಂತ ಯಾರು ಹೇಳಿದ್ದು? ಮಗು ಬಾಯಿ ಹಾಕಿದಷ್ಟೂ ಹಾಲು ಬರುತ್ತೆ, ಬಾಟಲಿ ಕೊಟ್ಟರೆ ಹೇಗೆ ಬಂದೀತು? ಬಾಟಲಿ ನಿಲ್ಲಿಸಿ, ನಿಮ್ಮ ಹಾಲನ್ನೇ ಹಿಂಡಿ ಪಾಲಾಡದಲ್ಲಿ ಕುಡಿಸಿ, ಪದೇ ಪದೇ ಎದೆಗೆ ಹಾಕಿಕೊಳ್ಳಿ. ನೀರು ಕೊಡದಿದ್ದವರು ಒಬ್ಬರು, ಡಬ್ಬ ತಂದವರು ಒಬ್ಬರು, ಇಬ್ಬರೂ ಪಕ್ಕದಲ್ಲೇ ಕೂತಿದ್ದಾರೆ. ಬೈಸಿಕೊಂಡವಳು ಜ್ವರದಲ್ಲಿ ನಡುಗುತ್ತಿರುವವಳು.

"ಏನಂತಾರೆ ಡಾಕ್ಟ್ರು?" ದೊಡ್ಡಮ್ಮ ಕೇಳಿದರು.

ಇವರು ಅಂದರು, "ಏನಿಲ್ಲ ದೊಡ್ಡಮ್ಮ, ಸ್ವಲ್ಪ ಜ್ವರ. ಮಾತ್ರೆ ಕೊಟ್ಟಿದಾರೆ. ರೆಸ್ಟ್ ಬೇಕಂತೆ."

ನನಗೆ ಇವತ್ತಿಗೂ ಆ ವಾಕ್ಯ ಜೀರ್ಣವಾಗಿಲ್ಲ. ಮನೆಯ ಶಾಂತಿ ಕದಡಬಾರದು ಅಂತ ನನ್ನ ನೀರನ್ನು, ನನ್ನ ಮಗುವಿನ ಹಾಲನ್ನು, ಒಂದು ನಗುಮುಖದಲ್ಲಿ ಮುಚ್ಚಿಹಾಕಿದರು. ಕಾರಿಗೆ ಕೂತ ಮೇಲೆ ನಾನು ಬಾಯಿ ಬಿಟ್ಟೆ.

"ದೊಡ್ಡಮ್ಮ, ಅವ್ರು ಹೇಳಿದ್ದು ಅದಲ್ಲ. ನೀರು ಕುಡೀದೇ ಕಾಯಿಲೆ ಬಂದಿದೆ ಅಂದ್ರು. ಹಾಲಿದೆ ಅಂದ್ರು. ಬಾಟ್ಲಿ ಎಸೀರಿ ಅಂದ್ರು."

"ಅಂದ್ರೆ ನಾನು ನಿನ್ನ ಸಾಯಿಸ್ತಿದೀನಿ ಅಂತಾನಾ? ನನ್ನ ಕೈಯಲ್ಲಿ ಎಷ್ಟು ಬಾಣಂತನ ಆಗಿದೆ ಗೊತ್ತೇನೇ?"

"ಎಲ್ಲಾ ನಂಜನಗೂಡಲ್ಲಿ ಆಗಿದ್ದು. ಇದು ಕೊಚ್ಚಿ. ನಿಮ್ಮ ರವಿಕೆ ಮುಟ್ಟಿ ನೋಡ್ಕೊಳಿ, ನೀವು ಚೊಂಬುಗಟ್ಟಲೆ ಕುಡೀತೀರಲ್ಲ, ಯಾಕೆ?"

"ಸ್ವಲ್ಪ ಮೆತ್ತಗೆ ಮಾತಾಡೇ," ಅಂದರು ಇವರು.

"ಮೆತ್ತಗೆ ಮಾತಾಡಿದ್ದಕ್ಕೇ ಈ ಗತಿ. ಗಾಡಿ ನಿಲ್ಸಿ, ನೀರಿನ ಬಾಟ್ಲಿ ತನ್ನಿ."

ತಂದರು. ದೊಡ್ಡಮ್ಮನ ಎದುರಿಗೇ ಪೂರ್ತಿ ಕುಡಿದೆ. ಕೊರಳಿಂದ ಇಳಿದು ರವಿಕೆ ನೆನೆಯಿತು. ಅವರು ಕಿಟಕಿ ಕಡೆ ತಿರುಗಿ ಕೂತರು.

ಮನೆಗೆ ಬಂದು ಕಿಟಕಿ ತೆಗೆದೆ, ಕಿವಿಯ ಹತ್ತಿ ಕಿತ್ತೆ. ಪಾಲಾಡ ಅಂದರೆ ಏನು ಅಂತ ಇವರು ಫೋನಿನಲ್ಲಿ ಹುಡುಕಿ ಚಿತ್ರ ತೋರಿಸಿದರು. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, "ಇದಕ್ಕೆ ಅಂಗಡಿಗೆ ಹೋಗ್ತೀರಾ? ಇದು ಒಳಲೆ," ಅಂದು ಒಳಗೆ ಹೋಗಿ ಬೆಳ್ಳಿಯದನ್ನು ಕುದಿಯುವ ನೀರಿಗೆ ಹಾಕಿದರು. ನಾನು ಹಿಂಡಿಕೊಟ್ಟ ಹಾಲನ್ನು ಕಾಲಮೇಲೆ ಮಗು ಮಲಗಿಸಿಕೊಂಡು ಒಂದು ಹನಿ ಚೆಲ್ಲದಂತೆ ಕುಡಿಸುತ್ತಿದ್ದರು. ಆ ಕೈಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ! ಆದರೂ ಮಾಡಿಕೊಂಡೆ. ದಯೆಗೆ ದಯೆ, ಸಿಟ್ಟಿಗೆ ಸಿಟ್ಟು.

ಮಗಳು ಮಾತ್ರ ಎದೆಗೆ ಬಾಯಿ ಹಾಕಲೊಲ್ಲಳು. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಸೆಕೆ ತಾಳದೆ ರವಿಕೆ ಬಿಚ್ಚಿ, ಅವಳ ಬಟ್ಟೆಯನ್ನೂ ತೆಗೆದು, ಎದೆಯ ಮೇಲೆ ಬೋರಲು ಮಲಗಿಸಿಕೊಂಡು ಬೀಸಣಿಗೆ ಬೀಸುತ್ತಿದ್ದೆ. ಅವಳು ಮೂಗು ಉಜ್ಜಿದಳು. ತಲೆ ಅಲ್ಲಾಡಿಸಿದಳು. ಆಮೇಲೆ ಯಾರೂ ಹೇಳದೆ ಹಿಡಿದುಕೊಂಡಳು. ನಾನು ಬೀಸಣಿಗೆ ಬೀಸುವುದನ್ನೂ ನಿಲ್ಲಿಸಿಬಿಟ್ಟೆ, ಎಲ್ಲಿ ಬಿಟ್ಟುಬಿಡುತ್ತಾಳೋ ಅಂತ. ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಒಳಗೆ ಹೋಗಿ ನೀರು ತಂದಿಟ್ಟರು, ಚೊಂಬಿನಲ್ಲಿ.

ತಪ್ಪಾಯಿತು ಅನ್ನಲಿಲ್ಲ. ಉಳಿದ ಹಾಲಿನ ಪುಡಿಯನ್ನು ದಂಡ ಮಾಡಬಾರದೆಂದು ಬರ್ಫಿ ಮಾಡಿ ಕೆಳಗಿನ ಚೇಚಿಗೂ ಕೊಟ್ಟುಬಂದರು. ಊರಿಗೆ ಹೋದ ಮೇಲೆ ಅವರು ಹೇಳುವ ಕಥೆ ಹೀಗೆ: "ಅವಳಿಗೆ ಹಾಲೇ ಇರ್ಲಿಲ್ಲ, ನಾನು ಸಬ್ಬಸಿಗೆ ಹಾಕಿ ಹಾಕಿ ಬರಿಸ್ದೆ." ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ಮದುವೆಯೊಂದರಲ್ಲೂ ಅದೇ ಕಥೆ ಕೇಳಿದೆ. ಸುತ್ತ ಕೂತವರೆಲ್ಲ ನನ್ನನ್ನು ಕನಿಕರದಿಂದ ನೋಡಿದರು.

ಆ ಕನಿಕರವೂ ಸೇರಿ, ಹಳೆಯದೆಲ್ಲ ಹೋದ ವಾರ ಆ ಹುಡುಗಿಯ ಕೋಣೆಯಲ್ಲಿ ನನ್ನ ನಾಲಿಗೆಗೆ ಬಂದಿತ್ತು. "ಹಾಲು ಸಾಲ್ತಾ ಇಲ್ಲ" ಅಂದ ಆ ತಾಯಿಗೆ, "ನೀವು ನೀರು ಸಾಲುವಷ್ಟು ಕೊಡ್ತಿದೀರಾ?" ಅಂತ ಕೇಳಿದೆ. ಚೀಲದಿಂದ ನನ್ನ ಬಾಟಲಿ ತೆಗೆದು ಹುಡುಗಿಯ ಕೈಗೆ ಕೊಟ್ಟೆ. ಅದೇ ಕೆಂಪುನೀರು, ಈಗ ನಮ್ಮ ಮನೆಯಲ್ಲೂ ಅದೇ.

"ಇದೇನ್ರೀ ಬಣ್ಣ! ಹಸಿ ಮೈಯವಳಿಗೆ..."

"ಅಮ್ಮಾ, ಸುಮ್ನಿರು," ಅಂದಳು ಹುಡುಗಿ. ಮುಚ್ಚಳ ತಿರುಗಿಸಿ, ಉಸಿರು ತೆಗೆದುಕೊಳ್ಳದೆ ಕುಡಿದಳು.

ನಾನು ಮೆತ್ತಗೆ ಮಾತಾಡಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿ, ಕಿಟಕಿ ತೆಗೆದು, ಎದ್ದೆ. ಆ ತಾಯಿ ಕುಂಕುಮ ಕೊಡದೆ ಕಳಿಸಿದರು. ಮನೆಗೆ ಬಂದು ದೇವರ ಮುಂದಿನ ಬಟ್ಟಲಿನಿಂದ ನಾನೇ ಇಟ್ಟುಕೊಂಡೆ. ದೀಪ ಹಚ್ಚುವಾಗ ನೆನಪಾಯಿತು, ಹುಡುಗಿ ಬಾಟಲಿ ವಾಪಸ್ ಕೊಟ್ಟಿರಲಿಲ್ಲ, ದಿಂಬಿನ ಪಕ್ಕಕ್ಕೆ ಸರಿಸಿಟ್ಟುಕೊಂಡಿದ್ದಳು. ಆವತ್ತು ರಾತ್ರಿ ದಯೆಗಳಿಗೆ ಬೆರಳು ಮಡಿಸುವಾಗ ಅದನ್ನೇ ಮೊದಲು ಎಣಿಸಿದೆ.