ಒಳಗಾಳಿ, ಹೊರಗಾಳಿ

ಶಹಾಪುರದಲ್ಲಿ ಬಾಡಿಗೆ ಕಾರು ಓಡಿಸುವ ಸುನೀಲಕುಮಾರನ ಹೆಂಡತಿ ಸೌಭಾಗ್ಯಳಿಗೆ ಗಂಡನ ಮೇಲೆ ಬೆಟ್ಟದಷ್ಟು ನಂಬಿಕೆ. ಅವನ ಕಾರಿನೊಳಗಿನ ಗಾಳಿಯ ಮೇಲೆ ಮಾತ್ರ ಎಳ್ಳಷ್ಟೂ ಇಲ್ಲ. ಕಾರು ಅಂಗಳದಲ್ಲಿ ನಿಲ್ಲುವುದೇ ತಡ, ಚಹಾಕ್ಕಿಡುವ ಮೊದಲು ಬಾಗಿಲು ತೆಗೆದು ಮೂಗು ತೂರಿಸುತ್ತಾಳೆ. "ಮಲ್ಲಿಗಿ ಮುಡ್ಕೊಂಡು ಯಾರು ಕುಂತಿದ್ರು ಹೇಳ್ರಿ?" "ಭೀಮರಾಯನಗುಡಿ ಕಾಲೇಜಿನ ಮೇಡಂ. ಹಿಂದಿನ ಸೀಟಿನಾಗ." "ಗಾಳಿಗೇನು ಹಿಂದ-ಮುಂದ ಅದ ಏನ್ರಿ?" ಎಸಿಯ ಗಾಳಿ ಒಳಗೊಳಗೇ ಸುತ್ತುವಂತೆ ಮಾಡುವ ಬಟನ್ ಒಂದಿದೆ, ಒತ್ತಿದರೆ ಧೂಳು ಬರುವುದಿಲ್ಲ, ಬೇಗ ತಂಪಾಗುತ್ತದೆ ಎಂದು ಅವನು ಒಮ್ಮೆ ಬಾಯಿಬಿಟ್ಟಿದ್ದೇ ತಪ್ಪಾಯಿತು. "ಅಂದ್ರ ಅಕಿ ಬಿಟ್ಟ ಉಸಿರು ನೀವು ತಗೊಳ್ಳೋದು, ನೀವು ಬಿಟ್ಟಿದ್ದು ಅಕಿ ತಗೊಳ್ಳೋದು! ಭಾಳ ಛಲೋ ಅದರಿ ನಿಮ್ಮ ಬಟನ್ನು!" ಅಂದಿನಿಂದ ಹೆಂಗಸರು ಹತ್ತಿದರೆ ಹೊರಗಿನ ಗಾಳಿಯೇ ಬರಬೇಕು, ಯಾದಗಿರಿಯ ಬಿಸಿಲಿರಲಿ, ಹತ್ತಿ ಲಾರಿಯ ಧೂಳಿರಲಿ. ಫೋನಿನಲ್ಲೂ ಊಟ ಆಯಿತೇ ಎಂದು ಕೇಳುವ ಮೊದಲು "ಗಾಳಿ ಒಳಗಿಂದೋ, ಹೊರಗಿಂದೋ?" ಎನ್ನುತ್ತಾಳೆ. ಮೊನ್ನೆ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ದೇವಾಪುರದ ತವರಿಗೆ ಹೊರಟವನು ಆಜ್ಞೆಯಂತೆ ಹೊರಗಿನ ಗಾಳಿ ಬಿಟ್ಟ. ಊರು ದಾಟಿದ್ದೇ, ಸೌಭಾಗ್ಯ ಕೈಚಾಚಿ ಆ ಬಟನ್ನನ್ನು ತಾನೇ ಒತ್ತಿದಳು. "ಧೂಳ ಬರ್ತದರಿ" ಎಂದು ಕಿಟಕಿಯತ್ತ ಮುಖ ತಿರುಗಿಸಿದಳು. ಬೆಳಗಿನ ಮಳೆಗೆ ರಸ್ತೆ ಇನ್ನೂ ಒದ್ದೆಯಾಗಿಯೇ ಇತ್ತು.